ಮದ್ದಿನ ಕೋಣೆಯ ಫೋಟೋ

ಬಿಸಿಲು ಎಡಗಡೆಯಿಂದ ಹೊಡೆಯುತ್ತಿದೆ, ಹೀಗೇ ನಿಂತರೆ ಎಲ್ಲರ ಮುಖವೂ ಅರ್ಧ ಸುಣ್ಣ ಅರ್ಧ ಇದ್ದಿಲು, ತಿರುಗಿಸಿ ನಿಲ್ಲಿಸಿ ಎಂದು ಸೀಟಿ ಮೇಡಂಗೆ ಹೇಳಬೇಕು, ಹೇಳುವುದಿಲ್ಲ, ಊದಲಿ, ಕಿಶೋರ ಸಂಘದ ಮಕ್ಕಳೆಲ್ಲ ಆಕೆಯ ಸೀಟಿಗೆ ಕುರಿಗಳ ಹಾಗೆ ಅತ್ತ ಇತ್ತ ಓಡಲಿ — ಹಿಂದಿನ ಸಾಲು ಎತ್ತರದವರು, ಮುಂದೆ ಗಿಡ್ಡಗಿರೋರು, ಟೋಪಿ ಸರಿ ಮಾಡ್ಕೊಳ್ಳಿ — ಒಂದು ರಾತ್ರಿ ಯುದ್ಧನೌಕೆಯಲ್ಲಿ ಮಲಗಿದರೆ ಧೈರ್ಯ ಬರುತ್ತದಂತೆ, ಬಂದದ್ದು ನೆಗಡಿ, ಕಬ್ಬಿಣದ ಮಂಚದ ಮೇಲೆ ಮಲಗಿ ಎಲ್ಲರ ಮೂಗೂ ಸೋರುತ್ತಿದೆ. ಹಡಗೂ ಹಾಗೇ ಇದೆ, ಯಾವ ಕಾಲಕ್ಕೋ ಗುಂಡು ಹಾರಿಸಿದ್ದು, ಈಗ ದಡಕ್ಕೆ ಸರಪಳಿ ಬಿಗಿದು ಮ್ಯೂಸಿಯಂ ಮಾಡಿದ್ದಾರೆ, ಮುದಿ ಆನೆಯ ಮೈ ಮುಟ್ಟುವಂತೆ ಟಿಕೆಟ್ಟು ತೆಗೆದುಕೊಂಡವರೆಲ್ಲ ಅದರ ತೋಪು ಸವರಿ ಹೋಗುತ್ತಾರೆ. ಅವಳು ಹಿಂದಿನ ಸಾಲಿನ ತುದಿಯಲ್ಲಿದ್ದಾಳೆ, ನೀಲಿ ಟೋಪಿ, ನನ್ನ ಮೂಗು. ಕೋರ್ಟು ಅವಳನ್ನು ಅವಳ ಅಮ್ಮನಿಗೆ ಕೊಟ್ಟಿತು, ಮೂಗನ್ನು ಮಾತ್ರ ಯಾವ ಜಡ್ಜೂ ಬರೆದುಕೊಡಲಾರ. ಈ ಕಡೆ ನೋಡುತ್ತಿಲ್ಲ, ನೀರನ್ನು ನೋಡುತ್ತಿದ್ದಾಳೆ, ನೋಡಲಿ, ಕ್ಯಾಮೆರಾ ಎತ್ತಿದರೆ ಎಲ್ಲರೂ ನೋಡಲೇಬೇಕು, ಅದೊಂದೇ ನನ್ನ ಕೈಯಲ್ಲಿರುವ ಅಧಿಕಾರ.

ನಿನ್ನೆ ಸಂಜೆ ಹಡಗಿನ ಮೆಟ್ಟಿಲ ಮೇಲ್ತುದಿಯಲ್ಲಿ ನಾನೇ ನಿಂತಿದ್ದೆ, ಹತ್ತಿ ಬರುವ ಮುಖಗಳನ್ನು ಒಂದೊಂದಾಗಿ ಹಿಡಿಯುತ್ತ, ಈ ಕೆಲಸವನ್ನು ನಾನಾಗಿ ಕೇಳಿ ಹಿಡಿದದ್ದೇ ಅವಳು ಈ ಸಂಘದಲ್ಲಿದ್ದಾಳೆ ಎಂದು ತಿಳಿದ ಮೇಲೆ, ಎರಡು ವರ್ಷ ಕಣ್ಣಿಗೆ ಬಿದ್ದಿರಲಿಲ್ಲ, ಚೀಲ ಎಸೆದು ಓಡಿ ಬಂದು ಕೊರಳಿಗೆ ಬೀಳುತ್ತಾಳೆ ಎಂದುಕೊಂಡಿದ್ದೆನಲ್ಲ, ಮಂಗ ನಾನು, ಕ್ಯಾಮೆರಾ ಬೀಳದಿರಲಿ ಎಂದು ಪಟ್ಟಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದೆ ಬೇರೆ. ಬಂದಳು. ಜಡೆಯ ಗೆಳತಿಯೊಬ್ಬಳು ಪಕ್ಕದಲ್ಲಿ, ಯಾರೇ ಅದು ನಿನ್ನೇ ನೋಡ್ತಿದಾರೆ ಎಂದು ಗೆಳತಿ ಕೇಳಿದರೆ, ಫೋಟೋದವರು ಕಣೇ ಅಂದಳು ಇವಳು, ನನ್ನ ಮುಖವನ್ನೇ ನೋಡಿ, ಅಂಕಲ್ ಸ್ವಲ್ಪ ದಾರಿ ಬಿಡಿ. ಅಂಕಲ್. ಬಸ್ಸಿನ ಕಂಡಕ್ಟರು ಅಂಕಲ್, ಗ್ಯಾಸ್ ಸಿಲಿಂಡರು ಹೊತ್ತು ತರುವವನು ಅಂಕಲ್, ಗೇಟಿನಲ್ಲಿ ತೂಕಡಿಸುವ ಕಾವಲುಗಾರ ಅಂಕಲ್, ಆ ಸಾಲಿನಲ್ಲಿ ನನ್ನನ್ನೂ ತಂದು ನಿಲ್ಲಿಸಿದಳು. ಅವಳ ಅಮ್ಮ ಕಟ್ಟಿಕೊಂಡ ಹಲ್ಲು ಡಾಕ್ಟರು ಪಪ್ಪ, ಅದು ನನಗೆ ಗೊತ್ತು, ಪಪ್ಪ ಅಂದುಕೊಳ್ಳಲಿ, ಅಪ್ಪ ಎನ್ನುವ ಜಾಗ ಬೇರೆ, ಅದು ಖಾಲಿಯೇ ಬಿದ್ದಿದೆ, ಬಾಡಿಗೆಗೆ ಇದೆ ಎಂಬ ಬೋರ್ಡು ಕೂಡ ಹಾಕಿಲ್ಲ. ಆಮೇಲೆ ಸಂಜೆಯೆಲ್ಲ ಅಂಕಲ್ ಅಂಕಲ್, ಅಂಕಲ್ ನಮ್ಮಿಬ್ಬರದು ತೆಗೀರಿ, ಅಂಕಲ್ ಇದು ಚೆನ್ನಾಗಿ ಬಂದಿಲ್ಲ, ಎಷ್ಟು ಸಿಹಿಯಾಗಿ, ಕಲಿಸಿ ಕಳಿಸಿದ ಹಾಗೆ, ಯಾರೂ ಕಲಿಸಿರಲಾರರು, ನನ್ನ ಸವೆದ ಚಪ್ಪಲಿ ಕಂಡು, ಟೇಪು ಸುತ್ತಿದ ಕ್ಯಾಮೆರಾ ಚೀಲ ಕಂಡು ನಾಚಿಕೆಯಾಗಿರಬೇಕು. ನನಗೆ ಬೇಕಾದದ್ದು ಒಂದೇ ಮಾತು, ಈ ಮಕ್ಕಳ ಎದುರು, ಒಂದೇ ಸಲ.

ಊಟವಾದ ಮೇಲೆ ಮುದಿ ನಾವಿಕ ಕಥೆಗೆ ಕೂತ, ಹಡಗು ತೋರಿಸುವ ಕೆಲಸ ಅವನದು, ವಾರಕ್ಕೊಮ್ಮೆ ಅದೇ ಕಥೆ ಹೇಳಿ ಹೇಳಿ ತಾನೂ ನಂಬಿಬಿಟ್ಟಿದ್ದಾನೆ — ಕೆಳಗೆ ಮದ್ದಿನ ಕೋಣೆ, ತೋಪಿನ ಗುಂಡು ಮದ್ದು ಇಡ್ತಿದ್ದ ಜಾಗ, ನೀರು ನುಗ್ಗಿದ ದಿನ ಹಡಗು ಉಳೀಲಿ ಅಂತ ಮೇಲಿಂದ ಮುಚ್ಚಳ ಹಾಕಿಬಿಟ್ವಿ, ಒಳಗೆ ಮೂವರಿದ್ರು, ಕಬ್ಬಿಣ ಬಡಿಯೋ ಸದ್ದು ಬೆಳಗಿನವರೆಗೂ ಬಂತು. ಮಕ್ಕಳ ಬಾಯಿ ತೆರೆದೇ ಇತ್ತು. ಮೇಡಂಗೆ ಕ್ಯಾಲೆಂಡರ್ ನೆನಪಾಯಿತು, ಸಂಘದ ಕ್ಯಾಲೆಂಡರಿನ ಮೊದಲ ಹಾಳೆಗೆ ಧೈರ್ಯದ ಒಂದು ಫೋಟೋ ಬೇಕು, ಅಲ್ಲಿಗೇ ಒಬ್ಬರನ್ನ ಇಳಿಸಿ, ಮುಚ್ಚಳ ಹಾಕಿ, ಕತ್ತಲು ಮಾಡಿ, ಫ್ಲಾಶ್ ಹೊಡೆದರೆ ಹೇಗೆ ಅಂದಳು. ಹುಡುಗರೆಲ್ಲ ನಾನು ನಾನು. ಕೊನೇಲಿ ಕೂತಿದಾಳಲ್ಲ ಆ ಹುಡುಗಿ, ಆ ಮುಖ ಚೆನ್ನಾಗಿ ಬರತ್ತೆ ಅಂದೆ. ಅಷ್ಟು ಜನರಲ್ಲಿ ನನಗೊಬ್ಬನಿಗೇ ಗೊತ್ತಿತ್ತು ಅವಳಿಗೆ ಮುಚ್ಚಿದ ಕತ್ತಲು ಆಗದೆಂದು, ಚಿಕ್ಕವಳಿದ್ದಾಗ ಲಿಫ್ಟಿನಲ್ಲಿ ಕರೆಂಟು ಹೋಗಿ ನನ್ನ ಅಂಗಿಯ ಗುಂಡಿ ಕಿತ್ತು ಬರುವಂತೆ ಹಿಡಿದವಳು, ಬಚ್ಚಲಿನ ದೀಪ ಹಾಕಿ ಬಾಗಿಲು ಓರೆ ಮಾಡದೆ ಮಲಗದವಳು, ಆ ಬೆಳಕಿಗೆ ನಿದ್ದೆ ಬಾರದೆ ನಾನು ಹೊರಳಿದ ರಾತ್ರಿಗಳು. ಅವಳು ತಲೆ ಎತ್ತಿ ನೋಡಿದಳು, ನನಗೆ ಗೊತ್ತೆಂದು ಅವಳಿಗೂ ಗೊತ್ತು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ, ಬೆಕ್ಕಿನ ಸಂಕಟವನ್ನು ಕೇಳಿದವರು ಯಾರು. ಅಪ್ಪಾ ನನಗಾಗಲ್ಲ, ನಿಂಗೊತ್ತಲ್ಲ — ಇಷ್ಟು ಅಂದಿದ್ದರೆ ಮುಗಿಯುತ್ತಿತ್ತು, ಕ್ಯಾಮೆರಾ ಚೀಲಕ್ಕೆ ಹಾಕಿ ಮೇಡಂಗೆ ನಾಲ್ಕು ಬೈದು ಇವಳನ್ನು ಡೆಕ್ಕಿನ ಗಾಳಿಗೆ ಕರೆದುಕೊಂಡು ಹೋಗುತ್ತಿದ್ದೆ. ಅನ್ನಲಿಲ್ಲ, ಹಠದಲ್ಲೂ ನನ್ನ ಮಗಳೇ. ಸರಿ ಅಂಕಲ್, ಎಲ್ಲಿ ನಿಲ್ಲಬೇಕು ಅಂದಳು.

ಏಣಿ ಇಳಿದೆವು, ಅವಳು ಮುಂದೆ ನಾನು ಹಿಂದೆ, ತುಕ್ಕು ಕೈಗೆ ಹತ್ತುವ ಏಣಿ, ಕೆಳಗೆ ಇಬ್ಬರು ಕೈ ಚಾಚಿದರೆ ಗೋಡೆಗೆ ತಾಗುವ ಕಬ್ಬಿಣದ ಕೋಣೆ, ಹಳೇ ಎಣ್ಣೆಯ ಜಿಗುಟು ವಾಸನೆ, ಮೇಲೆ ಮುದುಕ ಮುಚ್ಚಳ ಎಳೆದ, ಕಿವಿ ಗುಂಯ್ ಎಂದಿತು, ಲೈಟ್ ಆರಿಸಿ ಎಂದು ಕೂಗಿದವನು ನಾನೇ. ಕತ್ತಲು. ಆಗಲೇ ಒತ್ತಿಬಿಡಬಹುದಿತ್ತು, ಒತ್ತಲಿಲ್ಲ, ಬೆರಳು ಗುಂಡಿಯ ಮೇಲೆ ಇಟ್ಟುಕೊಂಡು ಕಾದೆ, ಅವಳ ಉಸಿರು ಮೊದಲು ಮೂಗಿನಲ್ಲಿತ್ತು, ಆಮೇಲೆ ಬಾಯಿಗೆ ಬಂತು, ಆಮೇಲೆ ತುಂಡು ತುಂಡಾಯಿತು, ಮೇಲೆ ಮಕ್ಕಳು ಬೇಕೆಂದೇ ಕಾಲಿನಿಂದ ಕಬ್ಬಿಣ ಬಡಿಯುತ್ತಿದ್ದರು, ನನಗೆ ಸಂತೋಷವಾಯಿತು, ಸುಳ್ಳೇಕೆ, ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ನಾನು ಬೇಕಾಗಿದ್ದೆ, ಆ ಕತ್ತಲಲ್ಲಿ ಹಲ್ಲು ಡಾಕ್ಟರು ಇರಲಿಲ್ಲ, ಜಡೆಯ ಗೆಳತಿ ಇರಲಿಲ್ಲ. ಬೇಡಪ್ಪಾ — ಅಂದಳು, ಇಷ್ಟೇ ಇಷ್ಟು ದನಿ. ಒತ್ತಿದೆ. ಫ್ಲಾಶಿನಲ್ಲಿ ಕಂಡದ್ದು ಅಂಗೈ, ಲೆನ್ಸಿನ ಮುಂದೆ ಅಗಲವಾಗಿ ಅಂಗೈ, ಬೆರಳ ಸಂದಿಗಳಲ್ಲಿ ಕತ್ತಲು, ನಡುವೆ ಏಣಿಯ ತುಕ್ಕು ಅಡ್ಡಗೆರೆ ಎಳೆದಂತೆ.

ಬೇಡ, ಅಪ್ಪಾ. ಬೇಡಪ್ಪಾ. ಯಾವುದು? ನಡುವೆ ಒಂದು ಉಸಿರಿತ್ತೇ ಇರಲಿಲ್ಲವೇ, ಇತ್ತು, ಇರಲಿಲ್ಲ, ನಮ್ಮ ಮಾತಿನಲ್ಲಿ ಅಪ್ಪ ಎಲ್ಲದಕ್ಕೂ ಬಾಲ, ಹೌದಪ್ಪ, ಹೋಗಪ್ಪ, ಸಾಕಪ್ಪ, ಸುಸ್ತಾಯ್ತಪ್ಪ, ಬಾಗಿಲಿಗೆ ಬಂದ ಬಾಚಣಿಗೆಯವನಿಗೂ ಬೇಡಪ್ಪ, ಮಾತಿನ ತುದಿಗೆ ಈ ಅಪ್ಪ ಯಾರೂ ಕರೆಯದೆ ಬಂದು ಕೂರುತ್ತಾನೆ, ಯಾರಿಗೂ ಅವನು ಲೆಕ್ಕಕ್ಕಿಲ್ಲ. ಏನಂದೆ ಎಂದು ಕೇಳಿದೆ. ಇನ್ನೊಂದ್ಸಲ ಹೇಳು, ಮುಚ್ಚಳ ತೆಗೆಸ್ತೀನಿ. ಹಲ್ಲು ಕಟಕಟ ಅನ್ನುತ್ತಿದ್ದ ಮಗುವಿಗೆ ಹಾಗಂದೆ, ವ್ಯಾಪಾರಕ್ಕೆ ಕೂತವನ ಹಾಗೆ, ಬಿಡಿಸಿ ಹೇಳು ಅಂದೆ. ಕಟಕಟ ನಿಂತಿತು, ಅವಳು ಹಲ್ಲು ಕಚ್ಚಿಕೊಂಡದ್ದು ನನಗೆ ಕೇಳಿಸಿತು. ಮತ್ತೆ ಒತ್ತಿದೆ, ಮತ್ತೆ, ಪ್ರತಿ ಸಲವೂ ಬೆಳಕು, ಪ್ರತಿ ಸಲವೂ ಅಂಗೈ, ಹಿಂದೆ ಮುಖವಿದೆಯೋ ಇಲ್ಲವೋ, ಬರೀ ಅಂಗೈ. ಮುದುಕ ಮುಚ್ಚಳ ತೆಗೆದ. ಅವಳು ತೋಳಿನಿಂದ ಮುಖ ಒರೆಸಿಕೊಂಡು ನನಗಿಂತ ಮೊದಲು ಹತ್ತಿದಳು, ಭಯ ಆಯ್ತೇನೇ ಎಂದು ಜಡೆ ಕೇಳಿದ್ದು ಕೆಳಗಿದ್ದ ನನಗೆ ಕೇಳಿಸಿತು, ಅವಳು ನಕ್ಕದ್ದೂ ಕೇಳಿಸಿತು.

ಏನಿಲ್ಲಪ್ಪಾ, ಅಂಕಲ್ ಇದ್ರಲ್ಲ.

ಜಡೆಗೂ ಅಪ್ಪಾ, ಅದೇ ಎಳೆತ, ಅದೇ ದನಿ, ಹಾಗಾದರೆ ಕೆಳಗೆ ಅಂದದ್ದೂ ಅದೇ, ಅಥವಾ ಕೆಳಗೆ ಅಂದದ್ದನ್ನು ಅಳಿಸಲೆಂದೇ ಇಲ್ಲಿ ಅಂದಳು, ಅಷ್ಟು ಜಾಣತನ ಹನ್ನೆರಡರ ಹುಡುಗಿಗೆ ಇದೆಯೇ, ಇದೆ, ನನ್ನ ಮಗಳಿಗೆ ಇದೆ. ಬೆಳಿಗ್ಗೆ ಮೇಡಂ ಪರದೆ ನೋಡಿ ಮುಖ ಸಿಂಡರಿಸಿದಳು, ಮುಖಾನೇ ಬಂದಿಲ್ವಲ್ರೀ, ಬರೀ ಕೈ, ಡಿಲೀಟ್ ಮಾಡಿ, ಜಾಗ ಯಾಕೆ ಹಾಳು. ಮಾಡಿಲ್ಲ. ಬೆರಳಿಟ್ಟು ದೊಡ್ಡದು ಮಾಡಿ ನೋಡಿದೆ, ಗೆರೆಗಳು, ತುಕ್ಕು, ಕಿರುಬೆರಳಿನ ಹಿಂದೆ ಒಂದು ಕಣ್ಣಿನ ಅಂಚು, ಬೇಡುತ್ತಿದೆಯೋ ಹೇಸುತ್ತಿದೆಯೋ ಹೇಳಲಾಗದಷ್ಟು ಸಣ್ಣ ಅಂಚು, ಇನ್ನೂ ದೊಡ್ಡದು ಮಾಡಿದರೆ ಚುಕ್ಕೆಗಳಾಗಿ ಒಡೆಯುತ್ತದೆ. ಸೀಟಿ. ರೆಡಿ ಏನ್ರೀ, ಎಲ್ಲರೂ ಹಡಗಿಗೆ ಟಾಟಾ ಮಾಡಿ, ಕೈ ಎತ್ತಿ, ಇನ್ನೂ ಮೇಲೆ. ಕೈಗಳು ಎದ್ದವು, ಕ್ಯಾಮೆರಾ ಕಣ್ಣಿಗೆ ಇಟ್ಟೆ, ಹಿಂದಿನ ಸಾಲಿನ ತುದಿ, ನೀಲಿ ಟೋಪಿ, ಅವಳು ಎಲ್ಲರ ಹಾಗೆ ಮೇಲೆತ್ತಿಲ್ಲ, ಮುಂದೆ ಚಾಚಿದ್ದಾಳೆ, ನೇರ ನನ್ನ ಕಡೆಗೆ, ಮೂಗು ಕಾಣುತ್ತಿಲ್ಲ, ಬಾಯಿ ಕಾಣುತ್ತಿಲ್ಲ, ಬಾಯಿ ಕಂಡರೆ ತುಟಿ ಯಾವ ಮಾತಿಗೆ ಅಲುಗಿತೆಂದಾದರೂ — ಅಂಕಲ್ ಬೇಗ, ಕೈ ನೋಯ್ತಿದೆ — ಯಾರೋ, ಅವಳಲ್ಲ, ಅವಳೇ ಇರಬಹುದು, ಒತ್ತಬೇಕು, ಬೆರಳು ಇಳಿಯುತ್ತಿಲ್ಲ, ಅಂಗೈ, ಅಡ್ಡಕ್ಕೆ ತುಕ್ಕಿನ ಗೆರೆ, ತೊಳೆದರೂ ಹೋಗಿಲ್ಲ, ಅಂಗೈ,