ಚಿಲಕದ ಕಂಪನಿಯ ಹೊಸ ಸೈಟು

"ಇದು ಚಾನೋ, ಪಾತ್ರೆ ತೊಳೆದ ನೀರೋ? ಏಯ್ ಫ್ಲಾಸ್ಕು, ನಿನ್ನನ್ನೇ ಕೇಳ್ತಿರೋದು! ಕಿವಿಗೆ ಸಗಣಿ ಮೆತ್ಕೊಂಡಿದೀಯೇನೇ?"

ಮೇಸ್ತ್ರಿ ಒಂದು ಗುಟುಕು ಕುಡಿದು ಮಿಕ್ಕ ಚಹಾವನ್ನು ಅವಳ ಕಾಲ ಬುಡಕ್ಕೇ ಚೆಲ್ಲಿದ. ಚಹಾ ಕೊಡುವವಳೂ ಅವಳೇ, ಚೆಲ್ಲಿದ್ದನ್ನು ಒರೆಸುವವಳೂ ಅವಳೇ. ಒರೆಸುವ ಬಟ್ಟೆ ಹಿಡಿದು ಕುಕ್ಕುರುಗಾಲಲ್ಲಿ ಕೂತಳು. ಆ ಚಿಲಕದ ಕಂಪನಿಯಲ್ಲಿ ಅವಳ ಹೆಸರನ್ನು ಯಾರೂ ಕೇಳಿರಲಿಲ್ಲ. ಕೈಯಲ್ಲಿ ಸದಾ ಫ್ಲಾಸ್ಕು ಇರುತ್ತಿತ್ತು, ಹಾಗಾಗಿ ಅವಳೇ ಫ್ಲಾಸ್ಕು. ಧಣಿಯ ಕೋಣೆಯಲ್ಲಿ ಮೇಜಿನ ಸುತ್ತ ಕೂತವರಿಗೆ ಇದೊಂದೂ ಕಾಣಲಿಲ್ಲ. ಅವರ ತಲೆತುಂಬ ಹೊಸ ಸೈಟಿನ ಚಿಂತೆ.

"ಹಳೇ ಸೈಟು ತೀರಾ ಇಕ್ಕಟ್ಟು ಸಾರ್," ಎಂದಳು ಲ್ಯಾಪ್‌ಟಾಪಿನ ಹುಡುಗಿ. ಸೈಟು ಮಾಡಿಕೊಡಲೆಂದೇ ಹೊರಗಿನಿಂದ ಬಂದವಳು. "ಉಸಿರಾಡೋಕೂ ಜಾಗ ಇಲ್ಲ. ಹೊಸದರಲ್ಲಿ ಸುತ್ತಲೂ ಧಾರಾಳವಾಗಿ ಖಾಲಿ ಬಿಡೋಣ. ಸೈಟು ನೋಡೋಕೆ ಜನ ಮುಗಿಬೀಳ್ಬೇಕು."

"ನಮ್ಮ ಕೆಲಸದೋರಿಗೂ ಅದರಲ್ಲಿ ಜಾಗ ಕೊಡಮ್ಮಾ," ಎಂದರು ಧಣಿ, ಕುರ್ಚಿಯಲ್ಲಿ ಹಿಂದಕ್ಕೊರಗಿ. "ಒಬ್ಬೊಬ್ಬರಿಗೂ ಒಂದೊಂದು ಚೌಕ. ಅವರೂ ನಮ್ಮ ಫ್ಯಾಮಿಲೀನೇ ತಾನೆ?"

ಫ್ಲಾಸ್ಕಿನ ಒರೆಸುವ ಕೈ ನಿಂತಿತು. ಅವಳ ಮಟ್ಟಿಗೆ ಸೈಟೆಂದರೆ ಒಂದೇ ಸೈಟು: ನಾಲ್ಕು ಮೂಲೆಗೆ ಕಲ್ಲು ನೆಟ್ಟು, ಮನೆ ಕಟ್ಟಿಕೊಳ್ಳಿ ಎಂದು ಬಿಟ್ಟ ನೆಲ. ಬೇರೆ ಬಗೆಯ ಸೈಟೂ ಇದೆ ಎಂದು ಅವಳಿಗೆ ಯಾರು ಹೇಳಿದ್ದರು? ಬಟ್ಟೆ ಹಿಂಡುವುದನ್ನೂ ಮರೆತು, ಕೆಲಸದವರೆಲ್ಲ ವಾಸವಿದ್ದ ಹಿಂಬದಿಯ ಶೆಡ್ಡಿಗೆ ಓಡಿದಳು.

ಊರವರ ಬಾಗಿಲಿಗೆಲ್ಲ ಚಿಲಕ ಮಾಡಿ ಕಳಿಸುವವರ ಶೆಡ್ಡಿಗೆ ಬಾಗಿಲೇ ಇರಲಿಲ್ಲ. ಅಡ್ಡಕ್ಕೆ ಒಂದು ತಗಡು ಒರಗಿಸಿಕೊಂಡಿದ್ದರು, ಅಷ್ಟೆ. ಬೆಳಗಿನ ಸೈರನ್ ಕೂಗುವ ಮೊದಲೇ ಮೇಸ್ತ್ರಿ ಬಂದು ಆ ತಗಡಿಗೆ ಒಂದು ಒದೆ ಕೊಟ್ಟು ತಲೆ ಒಳಗಿಡುತ್ತಿದ್ದ. ಒಳಗೆ ಯಾರಾದರೂ ಮೈಗೆ ನೀರು ಹಾಕಿಕೊಳ್ಳುತ್ತಿದ್ದರೆ ಇನ್ನೂ ಸ್ವಲ್ಪ ಹೊತ್ತು ಇಟ್ಟಿರುತ್ತಿದ್ದ. ಕೇಳಿದರೆ, "ಕಂಪನಿ ಶೆಡ್ಡು, ಕಂಪನಿ ತಗಡು. ನಿಮ್ಮಪ್ಪನ ಗಂಟಾ?" ಎನ್ನುತ್ತಿದ್ದ. ಫ್ಲಾಸ್ಕಿನ ಅತ್ತೆ ಇದೇ ಕಂಪನಿಯಲ್ಲಿ ಚಿಲಕಗಳಿಗೆ ಎಣ್ಣೆ ಸವರಿ ಡಬ್ಬಿ ತುಂಬುತ್ತಲೇ ಮುದುಕಿಯಾದವಳು. ಈ ಬೇವರ್ಸಿಯ ಕಾಟಕ್ಕೆ ಎಷ್ಟೋ ವರ್ಷದಿಂದ ಸೀರೆ ಉಟ್ಟುಕೊಂಡೇ ಸ್ನಾನ ಮಾಡುತ್ತಿದ್ದಳು.

ಸುದ್ದಿ ಕೇಳಿದ್ದೇ ತಡ ಮುದುಕಿ ಎದ್ದು ಕೂತಳು. "ಮೂಲೆ ಸೈಟು ಕೇಳೇ! ಗಾಳಿ ಬೆಳಕು ಚೆನ್ನಾಗಿರುತ್ತೆ."

"ಕೊಟ್ಟದ್ದು ತಗೊಳ್ಳೋಣ ಬಿಡು ಅತ್ತೆ."

"ನಿನ್ನ ಬಾಯಿಗೆ ಮಣ್ಣು ಹಾಕ! ಅಳದಿದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ. ಕೇಳು ಹೋಗು. ಇನ್ನೊಂದು ಮಾತು, ಬಚ್ಚಲಿಗೆ ಬಾಗಿಲು ಬೇಕು. ಬಾಗಿಲಿಗೆ ಚಿಲಕ ಬೇಕು. ಬಾಕಿದ್ದು ಏನಾದ್ರೂ ಸಾಯ್ಲಿ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಶೆಡ್ಡಿನವರು ಯಾರಿಗೂ ಕಮ್ಮಿಯಿಲ್ಲ. ಸಂಜೆಯೊಳಗೆ ಇಲ್ಲದ ಕಾಂಪೌಂಡಿನ ಮೇಲೆ ಯಾರು ಬಟ್ಟೆ ಒಣಹಾಕಬೇಕೆಂದು ಇಬ್ಬರು ಜುಟ್ಟು ಹಿಡಿದುಕೊಂಡಿದ್ದರು.

ಮಾರನೆಯ ದಿನ ಚಹಾ ಕೊಡುವ ನೆಪದಲ್ಲಿ ಫ್ಲಾಸ್ಕು ಹುಡುಗಿಯ ಪಕ್ಕ ನಿಂತಳು. "ಮೇಡಂ, ನಮಗೆ ಮೂಲೇಲಿ ಜಾಗ ಸಿಗುತ್ತಾ?"

ತನ್ನ ಕೆಲಸವನ್ನು ಒಬ್ಬರಾದರೂ ವಿಚಾರಿಸಿದರಲ್ಲ ಎಂದು ಹುಡುಗಿ ಹಿಗ್ಗಿದಳು. "ಓಹೋ, ಕೊಡೋಣ! ಎಡಗಡೆ ಮೇಲಿನ ಮೂಲೆ ಆಗ್ಬಹುದಾ? ಎಲ್ಲರ ಕಣ್ಣೂ ಮೊದಲು ಅಲ್ಲೇ ಬೀಳೋದು."

"ಕಣ್ಣು ಬೀಳೋದು ಬೇಡ ಮೇಡಂ, ಮರೆ ಇದ್ರೆ ಸಾಕು. ಅತ್ತೇನೂ ನನ್ನ ಜೊತೆಗೇ ಇರೋದು."

"ಇಬ್ಬರನ್ನೂ ಒಂದೇ ಚೌಕದಲ್ಲಿ ಹಾಕ್ತೀನಿ."

"ಯಾವಾಗ ಬರಬಹುದು?"

"ಉದ್ಘಾಟನೆ ದಿನ ಬನ್ನಿ. ಆಮೇಲೆ ಹಗಲೂ ರಾತ್ರಿ ತೆರೆದೇ ಇರುತ್ತೆ."

"ಅಯ್ಯೋ, ರಾತ್ರಿ ಚಿಲಕ ಹಾಕ್ಕೋತೀವಿ ಮೇಡಂ!"

ಹುಡುಗಿ ತಮಾಷೆಯೆಂದುಕೊಂಡು ನಕ್ಕಳು. ಫ್ಲಾಸ್ಕೂ ನಕ್ಕಳು. ಅವಳು ಹಾಗೆ ಬಾಯ್ತುಂಬ ನಕ್ಕು ಬಹಳ ಕಾಲವಾಗಿತ್ತು.

ಆ ವಾರವೇ ಎಲ್ಲರ ಫೋಟೋ ತೆಗೆದರು. ಪಟ್ಟಾ ಮಾಡಲು ಫೋಟೋ ಬೇಕೇ ಬೇಕಲ್ಲ ಎಂದು ಶೆಡ್ಡಿನವರು ತಲೆಗೆ ಎಣ್ಣೆ ಹಚ್ಚಿ ಸಾಲುಗಟ್ಟಿದರು. ಮೇಸ್ತ್ರಿ ಒಂದು ಹೊಸ ನೀಲಿ ಕೋಟು ಹಿಡಿದು ನಿಂತಿದ್ದ. ಒಬ್ಬರ ಮೈಯಿಂದ ಬಿಚ್ಚಿ ಇನ್ನೊಬ್ಬರಿಗೆ ತೊಡಿಸುತ್ತಿದ್ದ. "ಹಲ್ಲು ಕಿರೀರೇ, ದರಿದ್ರ ಮುಂಡೇವಾ! ಹೆಣ ಕಾಯೋಕೆ ಕೂತಂಗಿದೀರಲ್ಲ!" ಮುದುಕಿ ಇದ್ದ ನಾಲ್ಕೇ ಹಲ್ಲನ್ನು ಕಿರಿದಳು. ಕೋಟಿಗೆ ಎಣ್ಣೆಯಾಯಿತೆಂದು ಅದಕ್ಕೂ ಬೈಸಿಕೊಂಡಳು.

ಉದ್ಘಾಟನೆಯ ದಿನ ಎಲ್ಲರೂ ಧಣಿಯ ಕೋಣೆಯಲ್ಲಿ ಕಿಕ್ಕಿರಿದರು. ಮುದುಕಿ ಚಾಪೆ, ಚೊಂಬು, ಪೊರಕೆ ಕಟ್ಟಿಕೊಂಡೇ ಬಂದಿದ್ದಳು. ಧಣಿ ಒಂದು ಗುಂಡಿ ಒತ್ತಿದರು. ಗೋಡೆಯ ತೆರೆಯ ಮೇಲೆ ಥಳಥಳಿಸುವ ಒಂದು ಚಿಲಕ ಬಂತು, ಅದರಡಿ ದಪ್ಪಕ್ಷರದಲ್ಲಿ: ಒಳಗಿನಿಂದ ಹಾಕಿದರೆ ಹೊರಗಿನಿಂದ ತೆಗೆಯಲು ಯಾರಿಂದಲೂ ಸಾಧ್ಯವಿಲ್ಲ. ಆಮೇಲೆ 'ನಮ್ಮ ಕುಟುಂಬ' ಎಂದು ಬರೆದು, ಕೆಳಗೆ ನೀಲಿ ಕೋಟಿನ ಮುಖಗಳು.

"ನೋಡ್ಕೊಳ್ಳಿ! ಹೊಸ ಸೈಟು, ನಿಮ್ಮ ನಿಮ್ಮ ಜಾಗ!" ಎಂದರು ಧಣಿ.

ಮುದುಕಿ ಗೋಡೆಯ ಹತ್ತಿರ ಹೋಗಿ ತನ್ನ ಮುಖವನ್ನೇ ಸವರಿದಳು. "ಬುದ್ಧೀ, ಇದು ಪಟ. ಸೈಟೆಲ್ಲಿ? ಬಚ್ಚಲೆಲ್ಲಿ?"

ಮೇಸ್ತ್ರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಧಣೀ, ಇವು ವೆಬ್‌ಸೈಟನ್ನ ಮನೆ ಸೈಟು ಅನ್ಕೊಂಡು ಚಾಪೆ ಹೊತ್ಕೊಂಡು ಬಂದಿದಾವೆ!" ಮೇಜಿನ ಸುತ್ತಲಿನವರೆಲ್ಲ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಲ್ಯಾಪ್‌ಟಾಪಿನ ಹುಡುಗಿ ಮಾತ್ರ ನಗಲಿಲ್ಲ, ಮುಖ ಕೆಂಪಗೆ ಮಾಡಿಕೊಂಡು ನೆಲ ನೋಡಿದಳು. ಫ್ಲಾಸ್ಕಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಈ ಸುದ್ದಿಯನ್ನು ಶೆಡ್ಡಿಗೆ ಹೊತ್ತು ತಂದವಳು ತಾನೇ ಅಲ್ಲವೇ?

"ಪಾಪ, ಹೋಗ್ಲಿ ಬಿಡಿ," ಎಂದರು ಧಣಿ ಕಣ್ಣೊರೆಸಿಕೊಳ್ಳುತ್ತ. "ಎಲ್ಲ ಅಂಗಳಕ್ಕೆ ನಡೀರಿ, ಕೇಕ್ ಕತ್ತರಿಸೋಣ. ಏಯ್ ಫ್ಲಾಸ್ಕು, ಲೋಟ ತೆಗೆದು ಕೋಣೆ ಗುಡಿಸಿಬಿಡು."

ಎಲ್ಲರೂ ಹೊರಟರು. ಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಮುದುಕಿ ಚಾಪೆಯ ಗಂಟನ್ನು ಅಪ್ಪಿಕೊಂಡು ನಿಂತಿದ್ದಳು. ಅತ್ತಿದ್ದರೆ ಫ್ಲಾಸ್ಕು ಸಮಾಧಾನ ಹೇಳುತ್ತಿದ್ದಳೇನೋ. ಮುದುಕಿ ಅಳಲಿಲ್ಲ, ಕೋಣೆಯ ಮೂಲೆಯಲ್ಲಿದ್ದ ಧಣಿಯ ಬಚ್ಚಲನ್ನೇ ನೋಡುತ್ತಿದ್ದಳು. ದಿನಾ ಬೆಳಿಗ್ಗೆ ಫ್ಲಾಸ್ಕು ಉಜ್ಜಿ ತೊಳೆಯುವ ಬಚ್ಚಲು, ಬಿಸಿನೀರಿನ ನಲ್ಲಿಯಿದ್ದದ್ದು.

ಫ್ಲಾಸ್ಕು ಕೋಣೆಯ ಬಾಗಿಲು ಮುಚ್ಚಿದಳು. ಅದಕ್ಕಿದ್ದದ್ದು ತೆರೆಯ ಮೇಲೆ ಮೆರೆದ ಅದೇ ಚಿಲಕ. ಎಳೆದಳು. ಎಣ್ಣೆ ಸವರಿದ ಚಿಲಕ ಬೆಣ್ಣೆಯಂತೆ ಸರಿಯಿತು.

"ಸ್ನಾನ ಮಾಡ್ಹೋಗು ಅತ್ತೆ," ಎಂದಳು.

ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಬಂದು ಅಭ್ಯಾಸಬಲದಿಂದ ಬಾಗಿಲಿಗೆ ಒದ್ದ. ಇದು ತಗಡಲ್ಲ. "ಅಯ್ಯಯ್ಯಪ್ಪಾ!" ಎಂದು ಕಾಲು ಹಿಡಿದುಕೊಂಡು ಕುಣಿದದ್ದು ಒಳಗಿನವರೆಗೂ ಕೇಳಿಸಿತು. ಹಿಂದೆಯೇ ಧಣಿಯ ಅಬ್ಬರ: "ಒಡೀರ್ರೋ ಆ ಚಿಲಕಾನ!"

"ಒಡೆಯಲ್ಲ ಧಣೀ," ಎಂದಿತು ಶೆಡ್ಡಿನವರ ಯಾವುದೋ ದನಿ, ಕೇಕು ತುಂಬಿದ ಬಾಯಲ್ಲಿ. "ನಮ್ಮದೇ ಮಾಲು." ಅವರಲ್ಲಿ ಒಬ್ಬರೂ ಕದಲಿದ ಸದ್ದು ಕೇಳಲಿಲ್ಲ.

ಬಚ್ಚಲ ಬಾಗಿಲಿನಾಚೆ ನೀರು ಧೋ ಎಂದು ಸುರಿಯುತ್ತಿತ್ತು. ಮುದುಕಿಯ ಸೀರೆ, ಒದ್ದೆಯಾಗದೆ, ಧಣಿಯ ಕುರ್ಚಿಯ ಮೇಲಿತ್ತು.

"ಯಾರೇ ಅದು, ಹಂಗೆ ಬಾಗಿಲು ಬಡೀತಿರೋದು?" ಮುದುಕಿ ಒಳಗಿನಿಂದ ಕೂಗಿದಳು.

"ಯಾರೂ ಇಲ್ಲತ್ತೆ," ಎಂದಳು ಫ್ಲಾಸ್ಕು, ಚಾಪೆ ಬಿಚ್ಚಿ ಹಾಸುತ್ತ. "ಸೈಟು ನೋಡೋಕೆ ಜನ ಮುಗಿಬಿದ್ದಿದಾರೆ. ನೀನು ನಿಧಾನಕ್ಕೆ ಹುಯ್ಕೋ."