ನನ್ನ ಪಾಲು ಎತ್ತಿಡಿ

ಯಾರೋ ಕಳಿಸಿದ ಶುಭಾಶಯವನ್ನು ಹಾಗೇ ಇನ್ನೊಬ್ಬರಿಗೆ ತಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ಗುಲಾಬಿ ಹೂವು, ಅದರ ಸುತ್ತ ಮಿಣಮಿಣ ಎನ್ನುವ ನಕ್ಷತ್ರ, ಕೆಳಗೆ ಯಾವನೋ ಸೀರೆ ಅಂಗಡಿಯವನ ಫೋನ್ ನಂಬರು. ಅದೇನು ಶುಭಾಶಯವೋ ಕರಪತ್ರವೋ! ಹಬ್ಬದ ದಿನ ಒಬ್ಬ ಮನುಷ್ಯನನ್ನು ಎರಡು ನಿಮಿಷ ನೆನೆಯಲು ಪುರುಸೊತ್ತಿಲ್ಲದಿದ್ದರೆ ತೆಪ್ಪಗಿರಬೇಕಪ್ಪ. ಇದನ್ನು ನಾನು ಮುಖದ ಮೇಲೇ ಹೇಳುವವನು. ಅದಕ್ಕೇ ನೆಂಟರಲ್ಲಿ ಅರ್ಧ ಜನ ನನ್ನ ಹತ್ತಿರ ಮಾತು ಕಡಿಮೆ ಮಾಡಿದ್ದಾರೆ.

ನನ್ನ ಪದ್ಧತಿ ಬೇರೆ. ಸಹಕಾರಿ ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೇನೆ. ನನಗೆ ಬೇಕಾದ ನಲವತ್ತೆರಡು ಜನರ ಹೆಸರು, ಪ್ರತಿ ಹೆಸರಿನ ಮುಂದೆ ಆ ಮನುಷ್ಯನಿಂದ ನನಗಾದ ಒಂದು ಉಪಕಾರ, ಒಂದೇ ಸಾಲಿನಲ್ಲಿ. ಹಬ್ಬದ ಬೆಳಗ್ಗೆ ಐದಕ್ಕೆ ಎದ್ದು, ಕಾಫಿ ಕುಡಿದು, ನೋಟ್‌ಬುಕ್ ಮುಂದಿಟ್ಟುಕೊಂಡು ಒಬ್ಬೊಬ್ಬರಿಗೂ ಅವರ ಹೆಸರು ಹಿಡಿದು, ಆ ಉಪಕಾರ ನೆನೆದು, ಒಂದು ಬೆರಳಿನಲ್ಲಿ ಟೈಪ್ ಮಾಡಿ ಕಳಿಸುತ್ತೇನೆ. ಮುಗಿಯುವ ಹೊತ್ತಿಗೆ ಎಂಟಾಗುತ್ತದೆ. ನನ್ನ ಹೆಂಡತಿ ಪಂಕಜಾ ಇದನ್ನು 'ತಿರುಮಲೇಶರಾಯರ ಸಹಸ್ರನಾಮ' ಎಂದು ಕರೆಯುತ್ತಾಳೆ.

ಈ ವರ್ಷದ ಹೋಳಿಯ ದಿನವೂ ಹಾಗೇ ಕೂತೆ. ನಮ್ಮ ಮನೆಗಳಲ್ಲಿ ಹೋಳಿ ದೊಡ್ಡ ಹಬ್ಬವೇನಲ್ಲ, ಕಾಮನ ಹುಣ್ಣಿಮೆ ಅಂತ ಒಂದಿಷ್ಟು ಪಾಯಸ ಮಾಡಿದರೆ ಮುಗಿಯಿತು. ಆದರೆ ನಲವತ್ತೆರಡು ಜನಕ್ಕೆ ಕೃತಜ್ಞತೆ ಹೇಳಲು ಸಿಕ್ಕ ನೆಪ ಬಿಡುವುದುಂಟೇ? ಮೂವತ್ತೊಂದನೆಯ ಹೆಸರು ಹನುಮಯ್ಯ. ನನ್ನ ಶಾಖೆಯಲ್ಲಿ ಇಪ್ಪತ್ತೆರಡು ವರ್ಷ ಅಟೆಂಡರ್ ಆಗಿದ್ದವರು. ಹೆಸರಿನ ಮುಂದೆ ನನ್ನದೇ ಕೈಬರಹ: 'ಗೋವಿಂದಮ್ಮನವರ ಒಬ್ಬಟ್ಟು.' ಬೆರಳು ತಾನಾಗಿಯೇ ಓಡಿತು.

'ಹನುಮಯ್ಯ, ಹೋಳಿ ಹಬ್ಬದ ಹಾರ್ದಿಕ ಶುಭಾಶಯಗಳು. ಇವತ್ತು ಗೋವಿಂದಮ್ಮನವರ ಕೈಯ ಬಿಸಿ ಒಬ್ಬಟ್ಟು ತಿನ್ನುವ ಭಾಗ್ಯ ನಿಮ್ಮದು. ಅಷ್ಟೂ ಖಾಲಿ ಮಾಡಬೇಡಿ, ನನ್ನ ಪಾಲು ಎತ್ತಿಡಿ.'

ಕಳಿಸಿ, ಮೂವತ್ತೆರಡನೆಯವರಿಗೆ ಹೋದೆ. ಮೂವತ್ತೈದಕ್ಕೆ ಬಂದಾಗ ಪಂಕಜಾ ಎರಡನೇ ಕಾಫಿ ತಂದಿಟ್ಟು, ಕನ್ನಡಕ ಏರಿಸಿ ನೋಟ್‌ಬುಕ್ ನೋಡಿದಳು.

"ಹನುಮಯ್ಯನಿಗೆ ಏನ್ ಬರೆದ್ರಿ?"

"ಪ್ರತಿ ವರ್ಷ ಬರೆಯೋದೇ."

ಅವಳು ಲೋಟ ಹಿಡಿದುಕೊಂಡೇ ನಿಂತಳು. "ಅಲ್ಲಾ ಅಂದ್ರೆ, ಆಯಮ್ಮ ಹೋಗಿ ಇನ್ನೂ ಮೂರು ತಿಂಗಳಾಗಿಲ್ವಲ್ರೀ!"

ಹೌದು, ಗೋವಿಂದಮ್ಮ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ಹನುಮಯ್ಯನವರೇ ಫೋನ್ ಮಾಡಿ ಹೇಳಿದ್ದರು. ಆಗ ನಾನು ಮಂಡಿ ಆಪರೇಷನ್ ಆಗಿ ಹಾಸಿಗೆಯಲ್ಲಿದ್ದೆ. "ಧೈರ್ಯ ತಂದ್ಕೊಳ್ಳಿ, ಸ್ವಲ್ಪ ಓಡಾಡೋ ಹಾಗಾದ್ರೆ ಬರ್ತೀನಿ" ಎಂದಿದ್ದೆ. ಓಡಾಡುವ ಹಾಗೂ ಆದೆ. ಫೆಬ್ರವರಿಯಿಂದ ದಿನಾ ಲಾಲ್‌ಬಾಗಿಗೆ ವಾಕಿಂಗ್ ಹೋಗಿ, ಸಿದ್ದಾಪುರದ ಗೇಟು ಮುಟ್ಟಿ, ತಿರುಗಿ ಬರುತ್ತಿದ್ದೆ. ಹನುಮಯ್ಯನವರ ಮನೆ ಆ ಗೇಟಿನ ಆಚೆ. ನಾಳೆ ಹೋದರಾಯಿತು, ನಾಳೆ ಹೋದರಾಯಿತು ಎನ್ನುತ್ತಲೇ ಇದ್ದೆ.

ಫೋನ್ ನೋಡಿದೆ. ಎರಡು ಗೆರೆಗಳೂ ನೀಲಿಯಾಗಿದ್ದವು. ಓದಿಬಿಟ್ಟಿದ್ದರು. ಉತ್ತರವಿರಲಿಲ್ಲ. ಪ್ರತಿ ವರ್ಷ ಓದಿದ ಅರ್ಧ ನಿಮಿಷಕ್ಕೆ 'ಆಯ್ತು ಸಾ, ತತ್ತೀನಿ' ಎಂದು ಅವರ ದನಿಯಲ್ಲೇ ವಾಯ್ಸ್ ಮೆಸೇಜ್ ಬರುತ್ತಿತ್ತು. ಸಂಜೆಗೆ ಸ್ಟೀಲ್ ಡಬ್ಬಿ ಹಿಡಿದು ಜಯನಗರಕ್ಕೆ ಬಂದು, ನಮ್ಮ ವರಾಂಡದಲ್ಲಿ ಕೂತು ಕಾಫಿ ಕುಡಿದು ಹೋಗುತ್ತಿದ್ದರು.

"ಫೋನ್ ಮಾಡಿ ತಪ್ಪಾಯ್ತು ಅನ್ನಿ," ಎಂದಳು ಪಂಕಜಾ.

"ಯಾವ ಬಾಯಲ್ಲಿ ಅನ್ನಲಿ? ಸತ್ತವರ ಮನೆಗೆ ಒಬ್ಬಟ್ಟು ಎತ್ತಿಡಿ ಅಂತ ಬರೆದಿದೀನಲ್ಲೇ, ನನ್ನಂಥ ದಡ್ಡ ಶಿಖಾಮಣಿ ಇನ್ನೊಬ್ಬ ಇದಾನೇನೇ!"

"ಹಾಗಾದ್ರೆ ಎದ್ದು ಹೋಗಿ. ಫೋನಲ್ಲಿ ಆದ ತಪ್ಪಿಗೆ ಫೋನಲ್ಲೇ ಸಮಾಧಾನ ಹೇಳೋಕಾಗಲ್ಲ."

ನನ್ನ ಮೇಲೆ ನನಗಿದ್ದ ಸಿಟ್ಟನ್ನೆಲ್ಲ ಅವಳ ಮೇಲೆ ತೀರಿಸಿದೆ. ಕಾಫಿ ಆರಿದೆ ಎಂದೆ, ಷರಟು ಇಸ್ತ್ರಿ ಆಗಿಲ್ಲ ಎಂದೆ. ಅವಳು ಬಿಳಿ ಷರಟು ತಂದು ಕೊಟ್ಟಳು. ಹೆದರಿಕೆಯಾದಾಗ ನಾನು ಕೂಗಾಡುತ್ತೇನೆಂದು ಅವಳಿಗೆ ಗೊತ್ತು.

ಹೆದರಿಕೆ ಏಕೆಂದು ಹೇಳಿಬಿಡುತ್ತೇನೆ. ಪಂಕಜಾ ಟೈಫಾಯ್ಡ್ ಆಗಿ ಒಂದೂವರೆ ತಿಂಗಳು ತವರಿನಲ್ಲಿ ಮಲಗಿದ್ದ ವರ್ಷ, ನಾನು ಮಧ್ಯಾಹ್ನ ಬನ್ನು, ಬಾಳೆಹಣ್ಣು ತಿಂದು ದಿನ ದೂಡುತ್ತಿದ್ದೆ. ಮೂರನೆಯ ದಿನ ಹನುಮಯ್ಯ ನನ್ನ ಮೇಜಿನ ಮೇಲೆ ಒಂದು ಟಿಫನ್ ಕ್ಯಾರಿಯರ್ ಇಟ್ಟು, "ನಮ್ಮೋಳು ಕೊಟ್ಳು ಸಾ, ನೀವು ತಿಂತೀರೋ ಇಲ್ವೋ" ಎಂದು ಹಿಂದೆ ಸರಿದು ನಿಂತರು. ತಿಂದೆ. ಅವರೆಕಾಳಿನ ಸಾರು, ಮುದ್ದೆ. ಅಂಥ ಊಟ ನನ್ನ ಜನ್ಮದಲ್ಲಿ ಉಂಡಿರಲಿಲ್ಲ. ಪಂಕಜಾ ಹುಷಾರಾಗಿ ಬರುವವರೆಗೂ ಅದು ದಿನಾ ಬಂತು. ಆಮೇಲೆ ಹಬ್ಬಹಬ್ಬಕ್ಕೂ ಬಂತು. ಹೋಳಿಯ ದಿನ ಬ್ಯಾಂಕಿಗೆ ರಜೆ ಇಲ್ಲ, ಗೋವಿಂದಮ್ಮನವರ ತವರಿನಲ್ಲೋ ಕಾಮನ ಹುಣ್ಣಿಮೆಗೆ ಒಬ್ಬಟ್ಟು ತಪ್ಪಿಸುವಂತಿಲ್ಲ, ಹಾಗಾಗಿ ಅವತ್ತು ಡಬ್ಬಿ ಕಡ್ಡಾಯ. ನಾನು ನನ್ನ ಛೇಂಬರಿನಲ್ಲಿ ತಿನ್ನುತ್ತಿದ್ದೆ, ಹನುಮಯ್ಯ ರೆಕಾರ್ಡ್ ರೂಮಿನಲ್ಲಿ. ನನಗೆ ಅಷ್ಟು ವರ್ಷ ಉಣಬಡಿಸಿದ ಹೆಂಗಸನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಇವತ್ತು ಆ ಮನೆಯ ಬಾಗಿಲು ನನಗೆ ಮುಚ್ಚಿಹೋದರೆ, ನನ್ನ ನೋಟ್‌ಬುಕ್ಕಿನ ಉಳಿದ ನಲವತ್ತೊಂದು ಹೆಸರು ಇಟ್ಟುಕೊಂಡು ನಾನು ಏನು ಮಾಡಲಿ?

ಅಶೋಕ ಸ್ತಂಭದ ಹತ್ತಿರ ಆಟೋ ಇಳಿದು, ಕೇಳಿಕೊಂಡು ಕೇಳಿಕೊಂಡು ನಡೆದೆ. ಸಿದ್ದಾಪುರದ ಗಲ್ಲಿಗಳು ನನಗೆ ಹೊಸವು. ಒಂದು ಪೀಜಿ ಹಾಸ್ಟೆಲಿನ ಮುಂದೆ ಐದಾರು ಹುಡುಗಿಯರು ಒಬ್ಬರಿಗೊಬ್ಬರು ಬಣ್ಣ ಎರಚುತ್ತಿದ್ದರು. ತಲೆ ತಗ್ಗಿಸಿ ಗೋಡೆ ಪಕ್ಕ ಜಾರಿಕೊಳ್ಳಲು ನೋಡಿದೆ.

"ಅಂಕಲ್, ಹ್ಯಾಪಿ ಹೋಳಿ!"

"ಬೇಡಮ್ಮಾ, ಬೇಡ, ನಾನು ಸಾವಿನ ಮನೆಗೆ—"

ಮಾತು ಮುಗಿಯುವುದರೊಳಗೆ ಎರಡು ಕೆನ್ನೆಗೂ ಬಣ್ಣ ಬಳಿದಾಗಿತ್ತು. ಬಿಳಿ ಷರಟಿನ ಮೇಲೆ ಒಂದು ಮುಷ್ಟಿ ಹಸಿರು ಬೇರೆ. ಬೈಯಲು ಬಾಯಿ ತೆರೆದೆ, ಬಾಯಿಗೂ ಬಣ್ಣ ಹೋಯಿತು. ಪಾಪ, ಒಬ್ಬಳು ಓಡಿಹೋಗಿ ನೀರಿನ ಬಾಟಲಿ ತಂದುಕೊಟ್ಟಳು. ತೊಳೆದಷ್ಟೂ ಗುಲಾಬಿ ಬಣ್ಣ ಕುತ್ತಿಗೆಗೆ ಇಳಿಯಿತೇ ಹೊರತು ಹೋಗಲಿಲ್ಲ. ಮನೆಗೆ ವಾಪಸ್ಸು ಹೋಗಿಬಿಡೋಣ ಎನ್ನಿಸಿತು. ಹೋದರೆ ಇನ್ನೆಂದೂ ಬರುವುದಿಲ್ಲ ಎಂದೂ ಗೊತ್ತಿತ್ತು. ಹಾಗಾಗಿ ಮುಂದೆ ನಡೆದೆ.

ಬಾಗಿಲು ತೆರೆದದ್ದು ಹನುಮಯ್ಯನವರ ಮಗಳು ರೇಖಾ. ಅವಳನ್ನು ಚಿಕ್ಕವಳಿದ್ದಾಗ ಬ್ಯಾಂಕಿನಲ್ಲಿ ನೋಡಿದ್ದೆ. ನನ್ನ ಮುಖ, ಷರಟು ನೋಡಿ ಅವಳು ಒಂದು ಹೆಜ್ಜೆ ಹಿಂದಿಟ್ಟಳು.

"ನಾನಮ್ಮಾ, ತಿರುಮಲೇಶ. ನಿಮ್ಮ ತಂದೆಯವರ ಬ್ಯಾಂಕು."

"ಅಯ್ಯೋ, ಸಾರ್!" ಎಂದು ಒಳಗೆ ತಿರುಗಿ, "ಅಪ್ಪಾ, ಮ್ಯಾನೇಜರ್ ಸಾರ್ ಬಂದವ್ರೆ" ಎಂದಳು.

ಹನುಮಯ್ಯ ಮಂಚದ ಮೇಲಿಂದ ಎದ್ದು ಬಂದರು. ಗಡ್ಡ ಬಿಟ್ಟಿದ್ದರು, ಇಳಿದುಹೋಗಿದ್ದರು. ಕಣ್ಣು ಕೆಂಪಾಗಿತ್ತು. ಆ ಕಣ್ಣು ಕೆಂಪಾದದ್ದು ನನ್ನಿಂದಲೇ ಎಂದು ಗೊತ್ತಾಗಿ ಹೊಸ್ತಿಲ ಹೊರಗೇ ನಿಂತೆ.

"ಹನುಮಯ್ಯ, ನಾನು ಬುದ್ಧಿಗೆಟ್ಟು ಏನೋ ಬರೆದುಬಿಟ್ಟೆ. ಬೇಕು ಅಂತ ಅಲ್ಲ. ಹಳೇ ಪುಸ್ತಕ ನೋಡ್ಕೊಂಡು ಬರೆದೆ. ಬೈದುಬಿಡಿ ನನಗೆ. ಈ ವೇಷದಲ್ಲಿ ಬೇರೆ ಬಂದಿದೀನಿ, ಇದೂ ನನ್ನ ತಪ್ಪಲ್ಲ, ಆ ಹುಡುಗೀರು—"

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ತುಟಿ ಅದುರಿತು. ಅಳುತ್ತಾರೆ ಎಂದುಕೊಂಡೆ. ಅವರು ನಕ್ಕುಬಿಟ್ಟರು. ಮೊದಲು ಮೆಲ್ಲಗೆ, ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೆಮ್ಮು ಬರುವಷ್ಟು. ರೇಖಾ ಗಾಬರಿಯಿಂದ ಅಪ್ಪನ ಬೆನ್ನು ನೀವಿದಳು. "ಮೂರು ತಿಂಗಳಾಯ್ತು ಸಾರ್, ಅಪ್ಪ ನಕ್ಕಿರ್ಲಿಲ್ಲ" ಎಂದಳು ನನಗೆ.

ಒಳಗೆ ಕೂರಿಸಿದರು. ನನ್ನ ಮಂಡಿಗೆ ನೆಲ ಆಗುವುದಿಲ್ಲವೆಂದು ಅವರಿಗೆ ನೆನಪಿತ್ತು, ಪ್ಲಾಸ್ಟಿಕ್ ಕುರ್ಚಿ ಎಳೆದರು. ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ದುಂಡು ಮುಖ, ದಪ್ಪ ಮೂಗುಬೊಟ್ಟು, ಫೋಟೋ ತೆಗೆಯುವವನನ್ನು ಗದರಿಸಲು ಹೊರಟಂತಿದ್ದ ಹುಬ್ಬು. ಗೋವಿಂದಮ್ಮನವರ ಮುಖ ನಾನು ಮೊದಲು ನೋಡಿದ್ದು ಅವತ್ತು. ಕೈ ಮುಗಿದೆ.

"ಮೆಸೇಜ್ ಓದಿದ್ರಾ?" ಎಂದೆ, ಓದಿದ್ದು ಗೊತ್ತಿದ್ದೂ.

"ಓದ್ದೆ ಸಾ." ಹನುಮಯ್ಯ ಮಂಚದ ಅಂಚಿನಲ್ಲಿ ಕೂತರು. "ಆವತ್ತಿಂದ ಈ ಮನೇಲಿ ಹಬ್ಬ ಇಲ್ಲ. ವರ್ಷ ತುಂಬೋ ಗಂಟ ಯಾರೂ ಶುಭಾಶಯ ಅನ್ನಂಗಿಲ್ಲ, ಸರಿ. ಆದ್ರೆ ಜನ ಅವಳ ಹೆಸರು ಎತ್ತೋದೂ ಬಿಟ್ಟವ್ರೆ ಸಾ. ಬತ್ತಾರೆ, ನೀರು ಬಂತಾ ಅಂತಾರೆ, ಬಿಸಿಲು ಅಂತಾರೆ, ಹೋಯ್ತಾರೆ. ನಮಗೆ ನೋವಾಯ್ತದೆ ಅಂತ ಅವರು ಸುಮ್ಕಿರ್ತಾರೆ. ಇವಳೂ ಅಮ್ಮ ಅನ್ನಲ್ಲ, ನಾನೂ ಅನ್ನಲ್ಲ." ಮಗಳ ಕಡೆ ನೋಡಿದರು. "ಬೆಳಿಗ್ಗೆ ಫೋನ್ ಕುಂಯ್ ಅಂತು. ಗೋವಿಂದಮ್ಮನವರ ಕೈಯ ಬಿಸಿ ಒಬ್ಬಟ್ಟು. ಓದ್ಕೊಂಡು, 'ಏಯ್, ಸಾಹೇಬ್ರು ಕೇಳ್ತಾವ್ರೆ ನೋಡೇ' ಅಂತ ಅಡುಗೆಮನೆ ಕಡೆ ತಿರುಗ್ದೆ ಸಾ. ಕೂಗೇಬಿಟ್ಟೆ."

ರೇಖಾ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಆಮ್ಯಾಕೆ ನೆಪ್ಪಾಯ್ತು. ಕುಂತ್ಕೊಂಡು ಅತ್ತೆ. ಸುಡುಗಾಡಲ್ಲೂ ಅತ್ತಿರ್ಲಿಲ್ಲ ನಾನು, ಎದೆ ಕಟ್ಕೊಂಡಿತ್ತು. ಇವಳೂ ಬಂದು ಪಕ್ಕ ಕುಂತು ಅತ್ಲು. ಆಮ್ಯಾಕೆ ಇಬ್ರೂ ಅವಳ ಮಾತು ಆಡಿದ್ವಿ ಸಾ, ಎರಡು ಗಂಟೆ. ಅವಳು ಹೆಂಗೆ ಬೈತಿದ್ಲು, ಹೂರಣಕ್ಕೆ ಬೆಲ್ಲ ಜಾಸ್ತಿ ಹಾಕಿ ನಮ್ಮೇಲೆ ಹೇಳ್ತಿದ್ದಿದ್ದು. ನಿಮಗೆ ಉತ್ತರ ಹಾಕೋಕೆ ಅದಕ್ಕೇ ಆಗ್ಲಿಲ್ಲ. ನೀವು ತಪ್ಪಾಯ್ತು ಅಂತ ಬಂದಿದೀರ. ನಾನು ನಿಮಗೆ ಕೈ ಮುಗೀಬೇಕು ಅಂತಿದ್ದೆ."

"ಮುಗೀಬೇಡ್ರೀ!" ಎಂದು ಗದರಿಬಿಟ್ಟೆ. "ಮುಗೀಬೇಕಾದವನು ನಾನು. ನಿಮ್ಮಿಬ್ಬರಿಂದ ಒಂದೂವರೆ ತಿಂಗಳು ಬದುಕಿದವನು ನಾನು. ಅದನ್ನ ಆಯಮ್ಮನಿಗೆ ಒಂದು ದಿನ ಬಾಯಿಬಿಟ್ಟು ಹೇಳಿಲ್ಲ ಹನುಮಯ್ಯ, ನಿಮ್ಮ ಕೈಲಿ ಡಬ್ಬಿ ತೊಳೆಸಿ ವಾಪಸ್ಸು ಕಳಿಸ್ತಿದ್ದೆ ಅಷ್ಟೇ."

ಹೇಳಿದ ಮೇಲೆ ಮನಸ್ಸು ಒಂದಿಷ್ಟು ಹಗುರವಾಯಿತು. ಹನ್ನೆರಡು ದಾಟಿತ್ತು. ಒಳಗಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ರೇಖಾ ಸಂಕೋಚದಿಂದ ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು.

"ಹಬ್ಬದ ಅಡುಗೆ ಏನೂ ಇಲ್ಲ ಸಾರ್. ಅನ್ನ, ಸೊಪ್ಪಿನ ಸಾರು ಅಷ್ಟೇ. ಕಾಫಿ ಮಾಡ್ಲಾ?"

"ಕಾಫಿ ಯಾರಿಗೆ ಬೇಕು? ಅನ್ನ ಹಾಕಮ್ಮ. ಹೊಟ್ಟೆ ಹಸಿದಿದೆ."

ಅವಳು ಒಂದು ತಟ್ಟೆ ತಂದಳು. ಹನುಮಯ್ಯ ಎದ್ದು ಬಾಗಿಲ ಕಡೆ ಸರಿದು, "ನೀವು ಮಾಡಿ ಸಾ, ನಾನು ಆಮ್ಯಾಕೆ" ಎಂದರು. ಆ ಮಾತು ಕೇಳಿ ನನಗೆ ಎಲ್ಲಿತ್ತೋ ಕೋಪ, ನೆತ್ತಿಗೇರಿತು. ಅವರ ಮೇಲಲ್ಲ.

"ಕೂತ್ಕೊಳ್ರೀ ಇಲ್ಲಿ! ರೇಖಾ, ಇನ್ನೊಂದು ತಟ್ಟೆ ತಾರಮ್ಮ. ನಿನಗೂ ತಗೋ. ಇಲ್ಲಾಂದ್ರೆ ನಾನು ಎದ್ದು ಹೋಗ್ತೀನಿ."

ಮೂರು ತಟ್ಟೆ ಬಂದವು. ಸಾರಿನ ಪಾತ್ರೆಯನ್ನು ನಮ್ಮಿಬ್ಬರ ನಡುವೆ ಸ್ಟೂಲಿನ ಮೇಲಿಟ್ಟಳು. ಹನುಮಯ್ಯ ಮಂಚದ ಅಂಚಿಗೆ ಬಂದು, ನನ್ನ ಕುರ್ಚಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಮೊದಲ ತುತ್ತಿಗೇ ಗೊತ್ತಾಯಿತು, ಕೈ ತಾಯಿಯದೇ. ಹೇಳಿದೆ. ರೇಖಾ ತಲೆ ತಗ್ಗಿಸಿಕೊಂಡು, "ಅಮ್ಮನೇ ಕಲಿಸಿದ್ದು ಸಾರ್" ಎಂದಳು. ಅಮ್ಮ ಎಂಬ ಮಾತು ಅವಳ ಬಾಯಿಂದ ಬಂದಾಗ ಹನುಮಯ್ಯ ಊಟ ನಿಲ್ಲಿಸಿ ಮಗಳನ್ನು ನೋಡಿದರು, ಮತ್ತೆ ಉಂಡರು.

"ಪ್ರತಿ ಹಬ್ಬಕ್ಕೂ ಕೇಳೋಳು ಸಾ," ಎಂದರು ಅನ್ನ ಕಲಸುತ್ತ. "ನಿಮ್ ಸಾಹೇಬ್ರು ಡಬ್ಬೀಲೇ ತಿಂತಾರಾ, ಒಂದ್ಸಲ ಮನೇಗ್ ಬರಲ್ವಾ, ಬಿಸಿದು ಹಾಕ್ತೀನಿ ಅನ್ನೋಳು. ಬತ್ತಾರೆ ಬತ್ತಾರೆ ಅಂತಿದ್ದೆ ನಾನು."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ. ತಲೆಯೆತ್ತಿ ಫೋಟೋ ನೋಡುವ ಧೈರ್ಯವಾಗಲಿಲ್ಲ.

"ಅವರು ಇದ್ದಾಗ ನಾನು ಬರಬೇಕಿತ್ತು, ಹನುಮಯ್ಯ."

'ಅಯ್ಯೋ ಬಿಡಿ ಸಾ' ಎನ್ನುತ್ತಾರೆ ಎಂದು ಕಾದೆ. ಇಪ್ಪತ್ತೆರಡು ವರ್ಷ ನನ್ನ ಪ್ರತಿ ತಪ್ಪಿಗೂ ಅವರು ಹಾಗೇ ಅಂದಿದ್ದರು.

"ಹೂಂ ಸಾ," ಎಂದರು ಹನುಮಯ್ಯ. "ಬರಬೇಕಿತ್ತು."

ಹಾಗೆಂದು, ಸೌಟು ತೆಗೆದುಕೊಂಡು ನನ್ನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟರು.