ಐಸ್‌ಲ್ಯಾಂಡಿನಲ್ಲಿ ಕತ್ತಲಾಗಲಿಲ್ಲ

ನನ್ನ ಹೆಸರು ಪ್ರಶಾಂತ, ಸ್ವಭಾವ ಹಾಗಲ್ಲ. ಓದುವಾಗ ನಾನು, ನಾಗೇಂದ್ರ, ಉತ್ತಮ್ ಮೂವರೂ ಮೈಸೂರಿನ ಒಂದೇ ಹಾಸ್ಟೆಲ್ಲಿನಲ್ಲಿದ್ದವರು. ಈಗ ನಾನು ಪರ್ತ್‌ನ ವಿಲೆಟನ್‌ನಲ್ಲಿ, ನಾಗೇಂದ್ರ ಬ್ರಿಸ್ಬೇನ್‌ನಲ್ಲಿ, ಉತ್ತಮ್ ಅಡಿಲೇಡ್‌ನಲ್ಲಿ. ದೇಶ ಒಂದೇ, ಲಾಂಗ್ ವೀಕೆಂಡ್ ಮಾತ್ರ ರಾಜ್ಯಕ್ಕೊಂದು. ಜೂನಿನ ಮೊದಲ ಸೋಮವಾರ ನನಗೆ ರಜೆ, ಎರಡನೆಯದು ಉತ್ತಮ್‌ಗೆ, ನಾಗೇಂದ್ರನಿಗೆ ಎರಡೂ ಇಲ್ಲ. ಹೀಗಾಗಿ ಹನ್ನೊಂದು ವರ್ಷ ನಮ್ಮ ಟ್ರಿಪ್ ವಾಟ್ಸಾಪ್‌ನಲ್ಲೇ ಹುಟ್ಟಿ ಅಲ್ಲೇ ಸಾಯುತ್ತಿತ್ತು.

ಈ ಸಲ ನಾನು ಹಟ ಹಿಡಿದೆ. ಎರಡು ಸೋಮವಾರಗಳ ನಡುವೆ ರಜೆ ಹಾಕಿ ಹೊಲಿದುಬಿಟ್ಟರೆ ಹತ್ತು ದಿನ. ಐಸ್‌ಲ್ಯಾಂಡಿಗೆ ಹೋಗುವುದು, ರಾತ್ರಿ ಆಕಾಶದಲ್ಲಿ ಕುಣಿಯುವ ಹಸಿರು ಬೆಳಕು ನೋಡುವುದು. ಆ ಬೆಳಕು ಕಾಣುವುದು ಚಳಿಗಾಲದಲ್ಲಿ, ಜೂನ್ ಅಂದರೆ ಚಳಿಗಾಲವೇ. ಎಲ್ಲ ಬುಕಿಂಗ್ ನಾನೇ ಮಾಡಿದೆ.

ಕೋಪನ್‌ಹೇಗನ್‌ನಿಂದ ಹೊರಟ ಕೊನೆಯ ವಿಮಾನದಲ್ಲಿ ಪಕ್ಕದ ಸೀಟಿನ ಅಜ್ಜಿ, “ಬೇಸಿಗೆಗೆ ಬರ್ತಿದ್ದೀರಲ್ಲ, ಒಳ್ಳೇದಾಯ್ತು. ಈಗ ನಮ್ಮಲ್ಲಿ ಕತ್ತಲೇ ಆಗೋದಿಲ್ಲ,” ಎಂದರು. ಹದಿನೈದು ವರ್ಷದಿಂದ ಪರ್ತ್‌ನಲ್ಲಿ ಜೂನ್ ಬಂತೆಂದರೆ ಸ್ವೆಟರ್ ಹಾಕಿಕೊಳ್ಳುವ ನನಗೆ, ಭೂಮಿಯ ಆ ತುದಿಯಲ್ಲಿ ಅದೇ ಜೂನ್ ಬೇಸಿಗೆ ಎಂಬುದೇ ಮರೆತುಹೋಗಿತ್ತು! ಮಾಡಿದ್ದುಣ್ಣೋ ಮಹರಾಯ.

ಇಬ್ಬರಿಗೂ ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಇದೂ ಕೆಟ್ಟರೆ ಇನ್ನು ನಾನು ಕರೆದರೆ ಇವರು ಪಕ್ಕದ ಬೀದಿಗೂ ಬರುವುದಿಲ್ಲ, ನಾವು ಬರೀ ಬರ್ತ್‌ಡೇ ಮೆಸೇಜಿನ ಗೆಳೆಯರಾಗಿಬಿಡುತ್ತೇವೆ ಎಂದು ಹೆದರಿದೆ.

ಮೊದಲ ದಿನ ರಾತ್ರಿ ಹತ್ತಕ್ಕೂ ಬಿಸಿಲು ಫಳಫಳ ಹೊಳೆಯುತ್ತಿತ್ತು. ನಾಗೇಂದ್ರ ಟ್ರೈಪಾಡ್ ನಿಲ್ಲಿಸಿದ.

“ಕತ್ತಲು ಯಾವಾಗಾಗತ್ತೋ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನ್ನ ಕತೆ. “ಆಗತ್ತೆ ಇರೋ! ನಾನೇನ್ ಸ್ವಿಚ್ ಇಟ್ಕೊಂಡಿದೀನಾ?” ಎಂದು ರೇಗಿದೆ.

ಎರಡನೆಯ ದಿನ ತಪ್ಪನ್ನೆಲ್ಲ ಮೋಡದ ಮೇಲೆ ಹಾಕಿದೆ. ಉತ್ತಮ್ ಆಕಾಶವನ್ನು ಸುತ್ತಲೂ ನೋಡಿದ. ಒಂದು ತುಣುಕೂ ಇರಲಿಲ್ಲ.

“ಬರೋದಿದೆ,” ಎಂದೆ.

ಮೂರನೆಯ ದಿನ ಊಟಕ್ಕೆ ಪುಳಿಯೋಗರೆ ಕಲಸಿ ಹೊರಗೆ ಕೂತಿದ್ದೆವು. ನಾಗೇಂದ್ರ ಮತ್ತೆ ಟ್ರೈಪಾಡ್ ಬಿಚ್ಚತೊಡಗಿದ. ನನಗೆ ತಡೆಯಲಾಗಲಿಲ್ಲ.

“ಎತ್ತಿಡೋ ಅದನ್ನ! ಆಗಸ್ಟ್ ತನಕ ಇಲ್ಲಿ ಕತ್ತಲೇ ಆಗಲ್ಲ. ಇದು ಬೇಸಿಗೆ ಕಣ್ರೋ. ನಾನೊಬ್ಬ ಕತ್ತೆ.”

ಇಬ್ಬರೂ ಮುಖ ಮುಖ ನೋಡಿಕೊಂಡರು.

“ಗೊತ್ತು ಬಿಡೋ,” ಎಂದ ಉತ್ತಮ್. “ನೀನು ಡೇಟ್ ಹಾಕಿದ್ ದಿನಾನೇ ನಾಗ ನಂಗೆ ಫೋನ್ ಮಾಡಿ ಹೇಳ್ದ.”

ನನ್ನ ಮೈಯೆಲ್ಲ ಉರಿದುಹೋಯಿತು. “ಗೊತ್ತಿದ್ದೂ ಟ್ರೈಪಾಡ್ ಹೊತ್ಕೊಂಡ್ ಬಂದ್ಯಾ? ಮೂರು ದಿನದಿಂದ ನಿದ್ದೆ ಇಲ್ಲ ನಂಗೆ! ಮೊದ್ಲೇ ಹೇಳೋಕೇನಾಗಿತ್ತೋ ದರಿದ್ರದೋನೆ?”

ನಾಗೇಂದ್ರ ಪುಳಿಯೋಗರೆಯಿಂದ ಕಡಲೆಬೀಜ ಆರಿಸಿ ಬಾಯಿಗೆ ಹಾಕಿಕೊಂಡ.

“ಹೇಳಿದ್ರೆ ನೀನು ಡಿಸೆಂಬರ್‌ಗೆ ಹಾಕ್ತಿದ್ದೆ. ಡಿಸೆಂಬರಲ್ಲಿ ಇವ್ನು ಇಂಡಿಯಾಗ್ ಹೋಗ್ತಾನೆ, ನಂಗೆ ಆಫೀಸಲ್ಲಿ ರಜೆ ಸಿಗಲ್ಲ. ಇನ್ನೊಂದು ಹನ್ನೊಂದು ವರ್ಷ ಆಗೋದು ಕಣೋ. ಆ ಬೆಳಕು ಯಾರಿಗ್ ಬೇಕಿತ್ತು?”

ನನಗೆ ಅಳು ಬಂದುಬಿಟ್ಟಿತು. ಅದನ್ನು ಮುಚ್ಚಿಟ್ಟುಕೊಳ್ಳಲು ಆ ಹಾಳು ಊರಿನಲ್ಲಿ ಒಂದು ಹಿಡಿ ಕತ್ತಲೆಯೂ ಇರಲಿಲ್ಲ.